ಬೆಲೆ ಇಳಿದ ಕಾರು, ಇಳಿಯದ ಖರ್ಚು

ಹೊರನಾಡಿನ ಕನ್ನಡ ಜೈನ ವ್ಯಾಪಾರಿ ಮನೆತನಗಳಲ್ಲಿ ಈಚೆಗೆ ಒಂದು ವಾದ ಬಹಳ ಆತ್ಮವಿಶ್ವಾಸದಿಂದ ಕೇಳಿಬರುತ್ತಿದೆ. ಹೊಸದಾಗಿದ್ದಾಗ ಕೋಟಿ ರೂಪಾಯಿ ಮೀರಿದ್ದ, ಛಾವಣಿ ತೆರೆದುಕೊಳ್ಳುವ ಜರ್ಮನ್ ಕಾರು ಈಗ ಅದರ ಕಾಲು ಬೆಲೆಗೆ ದೊರೆಯುತ್ತದೆ. ಸವಕಳಿಯ ಭಾರವನ್ನೆಲ್ಲ ಮೊದಲ ಯಜಮಾನ ಹೊತ್ತು ಹೋಗಿದ್ದಾನೆ. ಆದ್ದರಿಂದ ಅದನ್ನು ಕೊಳ್ಳುವುದು ದುಂದುಗಾರಿಕೆಯಲ್ಲ, ಮಿತವ್ಯಯ. ಮಗ ಹೀಗೆಂದಾಗ ತಂದೆ ಮೌನವಾಗುತ್ತಾನೆ. ಮಿತವ್ಯಯವೆಂಬ ಮಾತಿಗೆ ಎದುರಾಡುವ ಅಭ್ಯಾಸ ಆ ಮನೆಗಳಲ್ಲಿ ಇಲ್ಲ.

ಆದರೆ ಈ ವಾದ ತಪ್ಪು. ನೀತಿಯ ದೃಷ್ಟಿಯಿಂದ ತಪ್ಪೋ ಸರಿಯೋ ಎಂಬುದು ಆಮೇಲಿನ ಮಾತು. ಮೊದಲಿಗೆ ಇದು ಲೆಕ್ಕದ ತಪ್ಪು. ಸವಕಳಿ ಇಳಿಸುವುದು ಕಾರಿನ ಬೆಲೆಯನ್ನು. ಅದರ ಬಿಡಿಭಾಗಗಳ ಬೆಲೆಯನ್ನಲ್ಲ. ಕೋಟಿ ರೂಪಾಯಿಯ ಕಾರು ಮೂವತ್ತು ಲಕ್ಷಕ್ಕೆ ಇಳಿದಾಗ ಅದರ ಪಂಪು, ಬ್ರೇಕು, ಗೇರ್‌ಬಾಕ್ಸುಗಳು ಕೋಟಿ ರೂಪಾಯಿಯ ಕಾರಿನವಾಗಿಯೇ ಉಳಿಯುತ್ತವೆ. ಆನೆಯನ್ನು ಅಗ್ಗಕ್ಕೆ ಕೊಂಡವನಿಗೆ ಮೇವು ಅಗ್ಗಕ್ಕೆ ಸಿಗುವುದಿಲ್ಲ.

ಉದಾಹರಣೆಗೆ ಮರ್ಸಿಡಿಸ್-ಬೆಂಜ್ ಎಸ್‌ಎಲ್ ಕಾರಿನ 2001ರಲ್ಲಿ ಹೊರಬಂದ ತಲೆಮಾರನ್ನು ತೆಗೆದುಕೊಳ್ಳಬಹುದು. ಅದರ ಲೋಹದ ಛಾವಣಿ ಸುಮಾರು 16 ಸೆಕೆಂಡುಗಳಲ್ಲಿ ಮಡಚಿಕೊಂಡು ಡಿಕ್ಕಿಯೊಳಗೆ ಸೇರುತ್ತದೆ. ನೋಡುವವರಿಗೆ ಅದು ಮಾಯೆ. ದುರಸ್ತಿ ಮಾಡುವವರಿಗೆ ಹೈಡ್ರಾಲಿಕ್ ಸಿಲಿಂಡರುಗಳು, ನಳಿಕೆಗಳು, ಸಂವೇದಕಗಳು ಮತ್ತು ರಬ್ಬರು ಸೀಲುಗಳ ಸಮೂಹ. ಇದೇ ಸಾಲಿನ ಎಸ್‌ಎಲ್ 55 ಎಎಮ್‌ಜಿ ಮಾದರಿಯಲ್ಲಿ ಸೂಪರ್‌ಚಾರ್ಜರ್ ಜೋಡಿಸಿದ 5.4 ಲೀಟರಿನ ವಿ8 ಎಂಜಿನ್ ಇದೆ. ತಿರುವುಗಳಲ್ಲಿ ಕಾರು ಓಲಾಡದಂತೆ ಹಿಡಿಯುವ ಸಸ್ಪೆನ್ಷನ್ ಸ್ಪ್ರಿಂಗುಗಳನ್ನಷ್ಟೇ ನಂಬಿಲ್ಲ, ಅಧಿಕ ಒತ್ತಡದ ಎಣ್ಣೆಯನ್ನೂ ನಂಬಿದೆ. ಬ್ರೇಕು ಕೂಡ ವಿದ್ಯುನ್ಮಾನದ್ದು. ಅದರ ಪಂಪು ತಾನು ಎಷ್ಟು ಬಾರಿ ಕೆಲಸ ಮಾಡಿದೆಯೆಂದು ತಾನೇ ಎಣಿಸಿಕೊಂಡು, ಮಿತಿ ಮುಟ್ಟಿದಾಗ ಎಚ್ಚರಿಕೆಯ ದೀಪ ಹಚ್ಚುತ್ತದೆ. ಈ ಬ್ರೇಕಿನ ದೋಷಕ್ಕಾಗಿ 2004ರಲ್ಲಿ ತಯಾರಕರೇ ಲಕ್ಷಾಂತರ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿದ್ದರು. ಹೊಸದಿದ್ದಾಗ ಇವೆಲ್ಲ ವಾರಂಟಿಯ ಆಶ್ರಯದಲ್ಲಿದ್ದವು. ಎರಡನೆಯ, ಮೂರನೆಯ ಯಜಮಾನನ ಕಾಲಕ್ಕೆ ಎಲ್ಲವೂ ಒಟ್ಟಿಗೆ ವಯಸ್ಸಾಗಿರುತ್ತವೆ, ವಾರಂಟಿ ಮುಗಿದಿರುತ್ತದೆ. ಮೊದಲ ಯಜಮಾನ ಹೊತ್ತದ್ದು ಸವಕಳಿಯನ್ನು. ಎರಡನೆಯವನಿಗೆ ಬಿಟ್ಟುಹೋದದ್ದು ಮುಪ್ಪನ್ನು.

ಇದಕ್ಕೆ ಈ ದೇಶದ ಹವೆಯೂ ರಸ್ತೆಯೂ ಸೇರುತ್ತವೆ. ಮುಂಬಯಿಯ ನಾಲ್ಕು ತಿಂಗಳ ಮಳೆಯಲ್ಲಿ ಛಾವಣಿಯ ಅಂಚಿನ ನೀರು ಹರಿಯುವ ಕಿರುನಾಳಗಳು ಕಸದಿಂದ ಕಟ್ಟಿಕೊಂಡರೆ ನೀರು ಇಳಿಯುವುದು ಡಿಕ್ಕಿಗೆ, ಅಲ್ಲಿರುವ ವಿದ್ಯುತ್ ಭಾಗಗಳ ಮೇಲಕ್ಕೆ. ಚೆನ್ನೈ, ಹೈದರಾಬಾದುಗಳ ಬೇಸಿಗೆಯಲ್ಲಿ ಛಾವಣಿ ತೆರೆದು ಹೋಗುವ ಮಧ್ಯಾಹ್ನಗಳೆಷ್ಟು? ದೆಹಲಿಯ ಚಳಿಗಾಲದ ಹೊಗೆಯಲ್ಲಿ ಎಷ್ಟು? ಇನ್ನು ಇಂಧನ. 2000ದ ದಶಕದ ಯುರೋಪಿನ ಎಂಜಿನುಗಳನ್ನು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲನ್ನು ಎಣಿಸಿ ಕಟ್ಟಿರಲಿಲ್ಲ. ಇಂದು ದೇಶದ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ.

ಈಗ ಲೆಕ್ಕದ ಹಾಳೆ. ಹೊಸ ಬೆಲೆ ₹1,20,00,000 ಇದ್ದ ಕಾರನ್ನು ಒಬ್ಬ ತರುಣ ₹30,00,000ಕ್ಕೆ ಕೊಂಡನೆಂದು ಊಹಿಸಿಕೊಳ್ಳೋಣ. ದುರಸ್ತಿ, ನಿರ್ವಹಣೆಗಳಿಗೆ ವರ್ಷಕ್ಕೆ ಹೊಸ ಬೆಲೆಯ ಶೇ 3 ಎಂದು ಇಟ್ಟುಕೊಂಡರೆ ₹3,60,000. ಅದೇ ಹಣ ಠೇವಣಿಯಲ್ಲಿದ್ದಿದ್ದರೆ ಶೇ 7ರಂತೆ ಬರುತ್ತಿದ್ದ ಬಡ್ಡಿ ₹2,10,000. ಕಾರಿನ ಬೆಲೆ ಶೇ 10ರಷ್ಟು ಮತ್ತೆ ಕುಸಿದರೆ ₹3,00,000. ವಿಮೆಗೆ ₹60,000. ವರ್ಷಕ್ಕೆ 2,000 ಕಿಲೋಮೀಟರ್ ಓಡಿ, ಲೀಟರಿಗೆ 6 ಕಿಲೋಮೀಟರ್ ಕೊಟ್ಟು, ಪೆಟ್ರೋಲು ₹100 ಎಂದರೆ ಸುಮಾರು ₹33,000. ಒಟ್ಟು ₹9,63,000; ಕಿಲೋಮೀಟರಿಗೆ ₹480ಕ್ಕೂ ಹೆಚ್ಚು. ಮುಂಬಯಿಯಿಂದ ಪುಣೆಗೆ 150 ಕಿಲೋಮೀಟರ್ ಹೋದರೆ ₹72,000. ಈ ಸಂಖ್ಯೆಗಳಲ್ಲಿ ಯಾವುದನ್ನು ಬೇಕಾದರೂ ಓದುಗರು ತಮ್ಮ ಅನುಭವದಂತೆ ತಿದ್ದಿಕೊಳ್ಳಲಿ, ಅರ್ಧಕ್ಕೇ ಇಳಿಸಲಿ. ಮಿತವ್ಯಯವೆಂಬ ಪದ ಆ ಹಾಳೆಯ ಮೇಲೆ ಮತ್ತೆ ಕೂಡುವುದಿಲ್ಲ. ಪೆಟ್ರೋಲಿನ ಖರ್ಚು ಇಡೀ ಪಟ್ಟಿಯಲ್ಲಿ ಎಲ್ಲಕ್ಕಿಂತ ಚಿಕ್ಕದು ಎಂಬುದನ್ನೂ ಗಮನಿಸಬೇಕು. ಕೊಳ್ಳುವವರು ವಿಚಾರಿಸುವುದು ಮಾತ್ರ ಅದೊಂದನ್ನೇ.

ವಿಮೆಯ ವಿಚಾರ ಇನ್ನೂ ಸೂಕ್ಷ್ಮವಾದದ್ದು. ಐದು ವರ್ಷ ದಾಟಿದ ವಾಹನದ ಘೋಷಿತ ಮೌಲ್ಯವನ್ನು ವಿಮಾದಾರನೂ ಕಂಪನಿಯೂ ಒಪ್ಪಂದದಿಂದ ನಿಗದಿ ಮಾಡುತ್ತಾರೆ. ಕಂತು ಉಳಿಸಲು ಯಜಮಾನ ಅದನ್ನು ಕೆಳಗಿಡುತ್ತಾನೆ. ಹತ್ತು ವರ್ಷ ಮೀರಿದ ವಾಹನದ ಲೋಹದ ಭಾಗಗಳಿಗೆ ಶೇ 50ರಷ್ಟು ಸವಕಳಿ ಕಳೆದೇ ಪರಿಹಾರ. ರಬ್ಬರು, ಪ್ಲಾಸ್ಟಿಕ್ಕುಗಳಿಗೆ ವಯಸ್ಸು ಎಷ್ಟೇ ಇರಲಿ ಶೇ 50 ಕಡಿತ. ದುರಸ್ತಿಯ ವೆಚ್ಚ ಘೋಷಿತ ಮೌಲ್ಯದ ಶೇ 75 ಮೀರಿದರೆ ಕಾರು ಸಂಪೂರ್ಣ ನಷ್ಟವೆಂದೇ ಪರಿಗಣಿತ. ಹಳೆಯ ಬೆಲೆಯ ಮೌಲ್ಯ, ಹೊಸ ಬೆಲೆಯ ಬಿಡಿಭಾಗ: ಈ ಎರಡರ ನಡುವೆ ಮಧ್ಯಮ ಗಾತ್ರದ ಒಂದು ಅಪಘಾತವೇ ಕಾರನ್ನು ಗುಜರಿಯ ಲೆಕ್ಕಕ್ಕೆ ಸೇರಿಸಬಲ್ಲದು.

ಹದಿನೈದು ವರ್ಷ ತುಂಬಿದ ಮೇಲೆ ನೋಂದಣಿ ನವೀಕರಣ. 2022ರಿಂದ ಸಾಮಾನ್ಯ ಕಾರಿಗೆ ₹5,000 ಇರುವ ಶುಲ್ಕ ಆಮದು ಕಾರಿಗೆ ₹40,000. 2025ರ ಆಗಸ್ಟಿನಿಂದ, ಇಪ್ಪತ್ತು ವರ್ಷ ದಾಟಿದ ಆಮದು ಕಾರಿಗೆ ಅದು ₹80,000. ಸರ್ಕಾರದ ಇಂಗಿತ ಇದಕ್ಕಿಂತ ಸ್ಪಷ್ಟವಾಗಿ ಇರಲಾರದು. ಮರುಮಾರಾಟದ ಬೆಲೆಯೂ ಸರ್ಕಾರದ ನೀತಿಯ ಕೈಯಲ್ಲಿದೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ಜಿಎಸ್‌ಟಿ, ಸೆಸ್ಸೂ ಸೇರಿ ಶೇ 50ರವರೆಗೆ ಇದ್ದದ್ದು, ಶೇ 40ಕ್ಕೆ ಇಳಿಯಿತು. 2025ರ ಜುಲೈಯಲ್ಲಿ ಸಹಿಯಾದ ಬ್ರಿಟನ್ನಿನ ವ್ಯಾಪಾರ ಒಪ್ಪಂದ ಅಲ್ಲಿನ ಕಾರುಗಳ ಆಮದು ಸುಂಕವನ್ನು, ಕೋಟಾದ ಮಿತಿಯೊಳಗೆ, ಶೇ 110ರಿಂದ ಹಂತಹಂತವಾಗಿ ಶೇ 10ಕ್ಕೆ ಇಳಿಸುವಂಥದ್ದು. ಹೊಸ ಕಾರು ಅಗ್ಗವಾದಷ್ಟೂ ಹಳೆಯದರ ಬೆಲೆ ಬೀಳುತ್ತದೆ. ಸವಕಳಿ ಮುಗಿದಿದೆ ಎಂದು ನಂಬಿ ಕೊಂಡವನ ಪಾಲಿಗೆ ಅದು ಮತ್ತೆ ಮೊದಲಾಗುತ್ತದೆ.

ಇಷ್ಟಾದರೂ, ತೆರಿಗೆ ಕಟ್ಟಿ ಉಳಿದ ಸ್ವಂತ ಹಣದಿಂದ, ಸ್ವಂತ ಹೆಸರಿನಲ್ಲಿ, ಪೂರ್ತಿ ಚೆಕ್ಕಿನಲ್ಲಿ ಕೊಂಡು, ಈ ಖರ್ಚನ್ನೆಲ್ಲ ತಿಳಿದೇ ಹೊರುವವನ ಸಂತೋಷವನ್ನು ಪ್ರಶ್ನಿಸುವ ಹಕ್ಕು ಯಾರಿಗೂ ಇಲ್ಲ. ಯಂತ್ರದ ಮೇಲಿನ ಪ್ರೀತಿಯೂ ಒಂದು ಪ್ರೀತಿಯೇ. ಆದರೆ ವಾಸ್ತವದಲ್ಲಿ ಆ ಕಾರು ಎಷ್ಟು ಮನೆಗಳಲ್ಲಿ ಹಾಗೆ ಬರುತ್ತದೆ? ಬರುವುದು ಸಂಸ್ಥೆಯ ಹೆಸರಿನಲ್ಲಿ. ಅಲ್ಲಿಂದಲೇ ಸುಳ್ಳುಗಳ ಸರಣಿ ಆರಂಭವಾಗುತ್ತದೆ.

ಮೊದಲ ಸುಳ್ಳು, ಇದು ವ್ಯಾಪಾರದ ವೆಚ್ಚ ಎಂಬುದು. ಆದಾಯ ತೆರಿಗೆಯ ಕಾನೂನು ಒಪ್ಪುವುದು ಸಂಪೂರ್ಣವಾಗಿ, ಕೇವಲ ವ್ಯಾಪಾರಕ್ಕಾಗಿ ಮಾಡಿದ ವೆಚ್ಚವನ್ನು. ಕಾರಿಗೆ ವರ್ಷಕ್ಕೆ ಶೇ 15ರ ಸವಕಳಿ ದೊರೆಯುವುದು ನಿಜ. ಸ್ವಂತ ಬಳಕೆಯ ಪಾಲನ್ನು ಅದರಿಂದ ಕಳೆಯಬೇಕೆಂಬುದೂ ಅಷ್ಟೇ ನಿಜ. ಎರಡೇ ಸೀಟುಗಳ, ಭಾನುವಾರ ಬೆಳಿಗ್ಗೆ ಲೋಣಾವಳಕ್ಕೆ ಹೋಗಿಬರುವ ಕಾರು ಯಾವ ಸರಕನ್ನು ಸಾಗಿಸುತ್ತದೆ, ಯಾವ ಗಿರಾಕಿಯನ್ನು ಕರೆತರುತ್ತದೆ ಎಂದು ಅಧಿಕಾರಿ ಕೇಳಿದ ದಿನ ಉತ್ತರವಿರುವುದಿಲ್ಲ. ಜಿಎಸ್‌ಟಿಯಲ್ಲಂತೂ, ಕಾರು ಮಾರುವ, ಬಾಡಿಗೆಗೆ ಓಡಿಸುವ ಉದ್ಯಮಗಳನ್ನು ಬಿಟ್ಟರೆ, ಇಂಥ ಕಾರಿನ ಮೇಲೂ ಅದರ ದುರಸ್ತಿ, ವಿಮೆಗಳ ಮೇಲೂ ಹೂಡುವಳಿ ತೆರಿಗೆಯ ಜಮೆ ದೊರೆಯುವುದೇ ಇಲ್ಲ.

ಎರಡನೆಯದು ನಗದಿನ ಸುಳ್ಳು. ಒಂದು ವ್ಯವಹಾರದಲ್ಲಿ ₹2,00,000 ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು 2017ರ ಏಪ್ರಿಲ್‌ನಿಂದ ಕಾನೂನು ನಿಷೇಧಿಸಿದೆ; ಪಡೆದ ಮೊತ್ತದಷ್ಟೇ ದಂಡ. ದಂಡ ಬೀಳುವುದು ಪಡೆದವನಿಗೆ ಎಂದು ಕೊಳ್ಳುವವನು ಸಮಾಧಾನ ತಾಳುತ್ತಾನೆ. ತಾನು ಕೊಟ್ಟ ನಗದು ಎಲ್ಲಿಂದ ಬಂತೆಂಬ ಪ್ರಶ್ನೆ ಮಾತ್ರ ಅವನದೇ ಆಗಿ ಉಳಿಯುತ್ತದೆ.

ಮೂರನೆಯದು ನೋಂದಣಿ ಫಲಕದ ಸುಳ್ಳು. ಕರ್ನಾಟಕದಲ್ಲಿ ₹20 ಲಕ್ಷ ಮೀರಿದ ಕಾರಿಗೆ ಜೀವಿತಾವಧಿ ತೆರಿಗೆ ಶೇ 18, ಮೇಲೆ ಸೆಸ್. ಅದನ್ನು ತಪ್ಪಿಸಲು ಕಡಿಮೆ ತೆರಿಗೆಯ ದೂರದ ನಾಡಿನಲ್ಲಿ, ಯಾರೂ ವಾಸಿಸದ ವಿಳಾಸದಲ್ಲಿ ಕಾರು ನೋಂದಣಿಯಾಗುತ್ತದೆ. ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನ ಇನ್ನೊಂದರಲ್ಲಿ ಹನ್ನೆರಡು ತಿಂಗಳು ಮೀರಿ ಇದ್ದರೆ ಮರುನೋಂದಣಿ ಆಗಬೇಕೆಂದು ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ಹೊರರಾಜ್ಯದ ಫಲಕವಿದ್ದ ಹಲವು ಐಷಾರಾಮಿ ಕಾರುಗಳನ್ನು ತೆರಿಗೆ ಬಾಕಿಗಾಗಿ ವಶಪಡಿಸಿಕೊಂಡರು. ಹಳೆಯ ಕಾರು ಕೊಳ್ಳುವವನು ಕಾರಿನ ಜೊತೆಗೆ ಹಿಂದಿನವನ ಈ ಜಾಣತನವನ್ನೂ ಕೊಂಡಿರುತ್ತಾನೆ.

ರಾಜಕೀಯದ ಪಾಲೂ ಇದರಲ್ಲಿ ಸಣ್ಣದಲ್ಲ. 1957ರ ಸಂಪತ್ತು ತೆರಿಗೆಯ ಕಾಯ್ದೆಯ ಕೊನೆಯ ವರ್ಷಗಳಲ್ಲಿ ಮೋಟಾರು ಕಾರೂ ತೆರಿಗೆಗೆ ಒಳಪಟ್ಟ ಆಸ್ತಿಯಾಗಿತ್ತು. ₹30 ಲಕ್ಷ ಮೀರಿದ ನಿವ್ವಳ ಸಂಪತ್ತಿಗೆ ಶೇ 1. 2015ರ ಬಜೆಟ್ ಅದನ್ನು ರದ್ದುಮಾಡಿ, ಕೋಟಿ ಮೀರಿದ ಆದಾಯದ ಮೇಲೆ ಶೇ 2ರ ಹೆಚ್ಚುವರಿ ಸರ್‌ಚಾರ್ಜ್ ವಿಧಿಸಿತು. ವಸೂಲಿ ಅಲ್ಪ, ಕಿರಿಕಿರಿ ಅಧಿಕ ಎಂಬುದು ಕಾರಣ. ಅದರಲ್ಲಿ ಸತ್ಯವೂ ಇತ್ತು. ಆದರೆ ಆದಾಯದ ಮೇಲಿನ ತೆರಿಗೆ ಬೀಳುವುದು ಆದಾಯವನ್ನು ತೋರಿಸುವವನ ಮೇಲೆ. ಕಾರು ಬೀದಿಯಲ್ಲಿ ಎಲ್ಲರಿಗೂ ಕಾಣುತ್ತದೆ. ವೈಯಕ್ತಿಕ ಆದಾಯ ವಿವರದಲ್ಲಿ ಕಾಣುವುದಿಲ್ಲ. ತಿಂಗಳ ಸಂಬಳದಿಂದ ತೆರಿಗೆ ಮುರಿಸಿಕೊಳ್ಳುವ ನೌಕರ ಆ ಕಾರನ್ನು ನೋಡಿ ಏನೆಂದುಕೊಳ್ಳುತ್ತಾನೆ ಎಂಬುದನ್ನು ಯಾವ ಬಜೆಟ್ಟೂ ಲೆಕ್ಕಕ್ಕೆ ಹಿಡಿದಿಲ್ಲ.

ಎಲ್ಲಕ್ಕಿಂತ ಗಂಭೀರವಾದ ಮಾತು ಮನೆಯೊಳಗಿನದು. ತೆರಿಗೆಯ ದೃಷ್ಟಿಯಲ್ಲಿ ಜೈನ ಕುಟುಂಬವೂ ಹಿಂದೂ ಅವಿಭಕ್ತ ಕುಟುಂಬವಾಗಿ ನಿಲ್ಲುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. 2005ರ ತಿದ್ದುಪಡಿಯಿಂದ ಮಗಳೂ ಮಗನಷ್ಟೇ ಸಮಾನವಾದ ಹುಟ್ಟುಹಕ್ಕಿನ ಪಾಲುದಾರಳು. ಅವಿಭಕ್ತ ಕುಟುಂಬದ ಖಾತೆಯಿಂದ ಕರ್ತನು ಮಗನಿಗಾಗಿ ₹30,00,000 ತೆಗೆದರೆ, ಮದುವೆಯಾಗಿ ಸೊಲ್ಲಾಪುರದಲ್ಲೋ ಚೆನ್ನೈಯಲ್ಲೋ ಇರುವ ಮಗಳ ಪಾಲನ್ನೂ ಅವನು ಆ ಕಾರಿಗೆ ಸುರಿದಂತಾಯಿತು. ಆಕೆಯನ್ನು ಕೇಳಿದವರು ಯಾರು? ಪಾಲುದಾರಿಕೆಯ ಸಂಸ್ಥೆಯಲ್ಲಿ ಹೆಸರಿಗೆ ಮಾತ್ರ ಪಾಲುದಾರಳಾಗಿ, ತೋರಿಸಿದಲ್ಲಿ ಸಹಿ ಹಾಕುವ ಸೊಸೆಯನ್ನು ಕೇಳಿದವರು ಯಾರು? ಸಾಲದ ಕಾಗದದಲ್ಲಿ ಆಕೆಯ ಸಹಿಯೂ ಇರುತ್ತದೆ. ಎರಡು ಸೀಟುಗಳ ಕಾರಿನಲ್ಲಿ ಆಕೆಯ ಮಕ್ಕಳಿಗೆ ಜಾಗವಿರುವುದಿಲ್ಲ. ಮಿತವ್ಯಯದ ಹೆಸರಿನಲ್ಲಿ ನಡೆಯುತ್ತಿರುವುದು ಒಬ್ಬನ ಆಸೆಗೆ ಎಲ್ಲರ ಪಾಲನ್ನು ಖರ್ಚು ಮಾಡುವ ಕೆಲಸ.

ಕೊನೆಯದಾಗಿ ಸೀಟಿನ ಮಾತು. ಬಸದಿಯ ಬಾಗಿಲಲ್ಲಿ ಚರ್ಮದ ಬೆಲ್ಟನ್ನೂ ಪರ್ಸನ್ನೂ ಕಳಚಿಡುವ ಮನೆತನ, ಹೊರಗೆ ಬಂದು ಪೂರ್ತಿ ಚರ್ಮ ಹೊದಿಸಿದ ಆಸನದಲ್ಲಿ ಕೂರುತ್ತದೆ. ಹಳೆಯ ಕಾರಿಗಾಗಿ ಹೊಸದಾಗಿ ಯಾವ ಪ್ರಾಣಿಯೂ ಸಾಯಲಿಲ್ಲ ಎಂಬ ಉತ್ತರ ಸಿದ್ಧವಿದೆ. ಹಾಗಿದ್ದರೆ ಹಳೆಯ ಬೆಲ್ಟನ್ನು ಕಳಚುವುದೇಕೆ? ಶ್ರಾವಕರ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹಕ್ಕೆ ಪರಿಮಾಣ ಹಾಕಿಕೊಳ್ಳುವುದು. ಅದು ಸಂಪತ್ತನ್ನು ನಿಷೇಧಿಸುವುದಿಲ್ಲ. ಎಷ್ಟು ಸಾಕೆಂದು ಮುಂಚಿತವಾಗಿ, ತಾನಾಗಿ ನಿಶ್ಚಯಿಸಿಕೊಳ್ಳಬೇಕೆನ್ನುತ್ತದೆ. ಬೆಲೆ ಇಳಿಯಿತೆಂಬ ಕಾರಣಕ್ಕೆ ವಸ್ತುವನ್ನು ಕೊಳ್ಳುವವನ ಪರಿಮಾಣವನ್ನು ನಿಶ್ಚಯಿಸುವವನು ಅವನಲ್ಲ, ಮಾರುಕಟ್ಟೆ.

ಆದ್ದರಿಂದ ಕೇಳಬೇಕಾದುದು ದೊಡ್ಡದೇನಲ್ಲ. ಮುಂಗಡ ಕೊಡುವ ಮುನ್ನ ಒಂದು ಹಾಳೆಯ ಮೇಲೆ ಐದು ವರ್ಷಗಳ ಖರ್ಚನ್ನು ಬರೆಯಲಿ: ದುರಸ್ತಿ, ಬಡ್ಡಿ, ಬೆಲೆಯ ಕುಸಿತ, ವಿಮೆ, ತೆರಿಗೆ. ಹಣ ಯಾವ ಖಾತೆಯಿಂದ, ಯಾರ ಹೆಸರಿನಲ್ಲಿ ಎಂದು ಅದರ ಕೆಳಗೆ ಬರೆಯಲಿ. ಆ ಹಾಳೆಯನ್ನು ಮನೆಯ ಹೆಂಗಸರೂ ಸೇರಿ ಎಲ್ಲ ಪಾಲುದಾರರ ಮುಂದಿಡಲಿ. ಎಲ್ಲರೂ ಓದಿ ಒಪ್ಪಿದರೆ ಕಾರು ಧಾರಾಳವಾಗಿ ಬರಲಿ, ಛಾವಣಿಯೂ ತೆರೆಯಲಿ. ಆ ಹಾಳೆಯನ್ನು ಮನೆಯವರಿಗೆ ತೋರಿಸಲು ಯಾರಿಗೆ ಧೈರ್ಯವಿಲ್ಲವೋ, ಅವರು ಆ ಕಾರಿನ ಬೆಲೆಯನ್ನು ಆಗಲೇ ಬಲ್ಲರು.