ರೈಸ್ ಎಂಬ ಕುಲನಾಮವೂ ಕೊರಟಗೆರೆಯ ‘ಕೆ.’ ಅಕ್ಷರವೂ

ಶ್ರವಣಬೆಳ್ಗೊಳದ ಶಾಸನಗಳನ್ನು 1889ರಲ್ಲಿಯೂ ತುಮಕೂರು ಜಿಲ್ಲೆಯ ಶಾಸನಗಳನ್ನು 1904ರಲ್ಲಿಯೂ ಸಂಪುಟವಾಗಿ ಹೊರತಂದ ಬಿ. ಎಲ್. ರೈಸರ ಮನೆತನದ ಹೆಸರನ್ನು ಅಕ್ಕಿಗೆ ಜೋಡಿಸಿ ನಗುವವರುಂಟು. ಈ ಇಂಗ್ಲಿಷ್ ಕುಲನಾಮದ ಮೂಲ ಬಹುಮಟ್ಟಿಗೆ ವೇಲ್ಸ್ ನಾಡಿನ ‘ರೀಸ್’ ಎಂಬ ಅಂಕಿತನಾಮ. ಅಲ್ಲಿ ‘ಆಪ್’ ಎಂದರೆ ಮಗ. ‘ಆಪ್ ರೀಸ್’ ಎಂಬುದು ಸವೆದು ‘ಪ್ರೈಸ್’ ಆಯಿತು. 16ನೆಯ ಶತಮಾನದಿಂದ ಇಂಗ್ಲಿಷ್ ಆಡಳಿತದ ಪ್ರಭಾವ ಹೆಚ್ಚಿದಂತೆ, ತಲೆಮಾರಿಗೊಮ್ಮೆ ಬದಲಾಗುತ್ತಿದ್ದ ತಂದೆಯ ಹೆಸರು ಸ್ಥಿರವಾದ ಕುಲನಾಮವಾಗಿ ನಿಂತಿತು.

ಕೊರಟಗೆರೆ ಸೀಮೆಯಲ್ಲಿ ಈಗ ನಡೆಯುತ್ತಿರುವುದೂ ಇದೇ. ಊರು ಮತ್ತು ತಂದೆಯ ಹೆಸರು ಮೊದಲಕ್ಷರಗಳಾಗಿ ಹೆಸರಿನ ಮುಂದೆ ನಿಲ್ಲುವುದು ಇಲ್ಲಿಯ ವಾಡಿಕೆ. ಪಾಸ್‌ಪೋರ್ಟಿನ ‘ಸರ್‌ನೇಮ್’ ಅಂಕಣ ತುಂಬುವಾಗ ಒಂದು ಉಳಿದು ಮತ್ತೊಂದು ಅಳಿಯಬಹುದು. ‘ಕೆ.’ ಎಂದರೆ ಕೊರಟಗೆರೆಯೋ ಕೆಂಪಯ್ಯನೋ ಎಂಬುದನ್ನು ನಾಳಿನ ಸಂಶೋಧಕ ಹೇಗೆ ಅರಿತಾನು?

ಶಾಸನಗಳು ದಾನಿಯ ತಂದೆಯನ್ನೂ ಊರನ್ನೂ ಬಿಡಿಸಿ ಹೇಳಿದುದರಿಂದಲೇ ನಮಗೆ ಎಷ್ಟೋ ವಂಶಾವಳಿಗಳು ದಕ್ಕಿವೆ. ಕಲ್ಲುಕುಟಿಗನಿಗಿದ್ದ ಆ ಎಚ್ಚರ ನಮಗೂ ಇರಬೇಕು. ಲೇಖಕರು ಪುಸ್ತಕದಲ್ಲಿ ಒಮ್ಮೆಯಾದರೂ, ಗ್ರಂಥಸೂಚಿಕಾರರು ತಪ್ಪದೆ, ಈ ಅಕ್ಷರಗಳನ್ನು ಬಿಡಿಸಿ ಬರೆಯಲೇಬೇಕು.