ಚೊಚ್ಚಲ ಪುಸ್ತಕವೂ ಪುಕ್ಕಟೆ ಪ್ರತಿಯೂ

ಸಂಪಾದಕರು ಮನ್ನಿಸಬೇಕು. ಯುಗಾದಿ ಸಂಚಿಕೆಯ ಕೊನೆಯ ಪುಟದಲ್ಲಿ, ಯಾರು ಕೋಸಂಬರಿ ತರಬೇಕು, ಯಾರು ಒಬ್ಬಟ್ಟು ತರಬೇಕು ಎಂಬ ಪಟ್ಟಿಯ ಕೆಳಗೆ, ಎರಡು ಸಾಲಿನ ಪ್ರಕಟಣೆಯೊಂದಿತ್ತು. ನಮ್ಮ ಕೂಟದ ಸದಸ್ಯರೊಬ್ಬರ ಮೊದಲ ಪುಸ್ತಕ ಅಂದು ಬಿಡುಗಡೆಯಾಗುತ್ತದೆ ಎಂಬುದು ಮೊದಲ ಸಾಲು. ಉಚಿತ ಪ್ರತಿಗಳು ಊಟದ ಮೇಜಿನ ಬಳಿ ದೊರೆಯುತ್ತವೆ ಎಂಬುದು ಎರಡನೆಯದು. ನಮ್ಮ ತಕರಾರು ಈ ಎರಡನೆಯ ಸಾಲಿನ ಮೇಲೆ. ಪುಸ್ತಕದ ಮೇಲಲ್ಲ, ಬರೆದವರ ಮೇಲಂತೂ ಅಲ್ಲವೇ ಅಲ್ಲ. ಅವರು ನಮಗೆ ಬಹಳ ಬೇಕಾದವರು.

ಅಂದು ಸಭಾಂಗಣ ಗುಡಿಸುವ ಸರದಿ ನಮ್ಮದಾಗಿತ್ತು. ಕುರ್ಚಿಗಳ ಕೆಳಗೆ ಹನ್ನೊಂದು ಪ್ರತಿ ಸಿಕ್ಕವು. ಒಂದರ ಮೇಲೆ ಯಾರೋ ಮೊಸರನ್ನದ ತಟ್ಟೆ ಇಟ್ಟಿದ್ದರು. ಮೂರು ವರ್ಷ ಕೂತು ಬರೆದ ಪುಸ್ತಕ! ಇದರಲ್ಲಿ ಜನರ ಕೆಟ್ಟತನವೇನೂ ಇಲ್ಲ. ತಾನಾಗಿ ಕೈಗೆ ಬಂದ ಕಾಗದವನ್ನು ಮನುಷ್ಯರು ಹೀಗೆಯೇ ನೋಡಿಕೊಳ್ಳುವುದು. ನಾವು ವೃತ್ತಿಯಿಂದ ವೈದ್ಯರು. ಪುಕ್ಕಟೆ ಬಂದ ಸ್ಯಾಂಪಲ್ ಗುಳಿಗೆ ಡ್ರಾಯರಿನಲ್ಲಿ ಅವಧಿ ಮೀರಿ ಬಿದ್ದಿರುವುದನ್ನೂ, ಮದುವೆಮನೆಯ ಪಂಕ್ತಿಯಲ್ಲಿ ಕೇಳಿ ಪಡೆದ ಸಲಹೆಯನ್ನು ಕೇಳಿದವರು ಕೈ ತೊಳೆಯುವಷ್ಟರಲ್ಲಿ ಮರೆಯುವುದನ್ನೂ ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದ ದಿನದಿಂದ ನೋಡುತ್ತ ಬಂದಿದ್ದೇವೆ. ಅದೇ ಸಲಹೆಗೆ ಶುಲ್ಕ ಕೊಟ್ಟವರು ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋಗುತ್ತಾರೆ.

"ಸ್ವಂತ ದುಡ್ಡಿನಲ್ಲಿ ಹಾಕಿಸಿದ ಪುಸ್ತಕ, ಅದನ್ನು ಹೇಗೆ ಮಾರುವುದು? ನಾಲ್ಕು ಜನ ಏನಂದಾರು?" ಎಂದು ನಮ್ಮ ಮಿತ್ರರು ಸಂಕೋಚ ಪಡುತ್ತಾರೆ. ಸ್ವಂತ ದುಡ್ಡಿನ ಪುಸ್ತಕ ಎಂದರೆ ಎರಡನೆಯ ದರ್ಜೆಯ ಪುಸ್ತಕ ಎಂದು ಅವರಿಗೆ ಹೇಳಿಕೊಟ್ಟವರು ಯಾರೋ ತಿಳಿಯದು. ಕನ್ನಡದಲ್ಲಿ ಈ ಮಾತು ನಡೆಯುವಂತಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ರಾಜರತ್ನಂ ಅವರು ತಾವೇ ಅಚ್ಚು ಹಾಕಿಸಿ, ತಾವೇ ಹೆಗಲಿಗೇರಿಸಿಕೊಂಡು ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನೇ ಇಟ್ಟರು. ಕುವೆಂಪು ಅವರ ಮೈಸೂರಿನ ಮನೆಯ ಹೆಸರು ಉದಯರವಿ; ಅವರ ಪುಸ್ತಕಗಳ ಪ್ರಕಾಶನದ ಹೆಸರೂ ಅದೇ. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಮನೋಹರ ಗ್ರಂಥಮಾಲೆ ನಿಂತದ್ದು ಓದುಗರ ಚಂದಾ ಹಣದ ಮೇಲೆ. ಇವರಲ್ಲಿ ಯಾರೂ ಊಟದ ಮೇಜಿನ ಬಳಿ ರಾಶಿ ಹಾಕಿ "ತಗೊಳ್ಳಿ, ತಗೊಳ್ಳಿ" ಎನ್ನಲಿಲ್ಲ. ನಮ್ಮ ವೃತ್ತಿಯವರನ್ನೇ ನೋಡಿ. ಡಾ. ಎಂ. ಶಿವರಾಂ, ಅಂದರೆ 'ರಾಶಿ'ಯವರು, 1942ರಲ್ಲಿ ಕೊರವಂಜಿಯನ್ನು ಹೊರಡಿಸಿ ಕಾಲು ಶತಮಾನ ನಡೆಸಿದರು. ಡಾ. ಅನುಪಮಾ ನಿರಂಜನರ 'ತಾಯಿ-ಮಗು' ಎಷ್ಟೋ ಮನೆಗಳ ಕಪಾಟಿನಲ್ಲಿದ್ದದ್ದು ಜನ ಕೊಂಡು ತಂದದ್ದರಿಂದ. ಆದ್ದರಿಂದ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುವುದಕ್ಕೆ ನಾಚಬೇಕಾಗಿಲ್ಲ. ಹಾಕಿಸಿದ್ದನ್ನು ನಾವೇ ಬೆಲೆಯಿಲ್ಲದ್ದೆಂದು ಸಾರುವುದಕ್ಕೆ ನಾಚಬೇಕು.

ಹೊರನಾಡ ಕನ್ನಡಿಗರ ಮೊದಲ ಪುಸ್ತಕ ಸಾಮಾನ್ಯವಾಗಿ ಹುಟ್ಟುವುದು ಐವತ್ತರ ಮೇಲೆ. ಮಕ್ಕಳು ಕಾಲೇಜಿಗೆ ಹೋಗಿರುತ್ತಾರೆ, ಮನೆಸಾಲ ತೀರುತ್ತ ಬಂದಿರುತ್ತದೆ, ಆಗ ಒಳಗಿದ್ದದ್ದು ಹೊರಗೆ ಬರುತ್ತದೆ. ಊರಿನಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗಳಿಗೆ ಪ್ರೋತ್ಸಾಹಧನ ಕೊಡುತ್ತದೆ ನಿಜ, ಆದರೆ ಅದು ಯುವ ಬರಹಗಾರರಿಗೆ. ನಮಗಲ್ಲ, ನಮಗೆ ಬೇಕಾಗಿಯೂ ಇಲ್ಲ. ಆದರೆ ಮೂವತ್ತೈದು ದಾಟಿದವರ ಚೊಚ್ಚಲ ಬಸಿರಿಗೆ ನಮ್ಮ ವೈದ್ಯಗ್ರಂಥಗಳು ಬೇರೆ ಹೆಸರನ್ನೇ ಇಟ್ಟು, ಹೆಚ್ಚು ಎಚ್ಚರದಿಂದ ನೋಡಿಕೊಳ್ಳಿ ಎಂದು ಹೇಳುತ್ತ ಬಂದಿವೆ. ಐವತ್ತರ ಚೊಚ್ಚಲ ಪುಸ್ತಕಕ್ಕೆ ಆ ಎಚ್ಚರ ಎಲ್ಲಿದೆ?

ಈಗ ಬೆಂಗಳೂರಿನ ಪ್ಯಾಕೇಜಿನ ವಿಷಯ. ಹೆಸರು ಬೇಡ, ಒಂದಲ್ಲ ಹತ್ತಿವೆ. ನಮಗೆ ಬಂದ ಪಟ್ಟಿಯಲ್ಲಿ ಅಕ್ಷರ ಜೋಡಣೆ, ಮುಖಪುಟ, ಐ.ಎಸ್.ಬಿ.ಎನ್., ಐದುನೂರು ಪ್ರತಿ, ಬಿಡುಗಡೆಗೆ ಸಭಾಂಗಣ, ಮುಖ್ಯ ಅತಿಥಿ, ಅತಿಥಿಗೆ ಶಾಲು, ಫಲತಾಂಬೂಲ, ಕೊನೆಗೆ ವಿಡಿಯೋ ಸಹ ಇತ್ತು. ಐ.ಎಸ್.ಬಿ.ಎನ್. ಭಾರತದಲ್ಲಿ ರಾಜಾ ರಾಮಮೋಹನ ರಾಯ್ ಹೆಸರಿನ ಸರಕಾರಿ ಸಂಸ್ಥೆಯಿಂದ ಪುಕ್ಕಟೆ ಸಿಗುತ್ತದೆ. ಪಟ್ಟಿಯಲ್ಲಿ ಅದಕ್ಕೂ ಒಂದು ಮೊತ್ತ. ಪಟ್ಟಿಯಲ್ಲಿ ಇಲ್ಲದೇ ಇದ್ದದ್ದು ಒಂದೇ: ಹಸ್ತಪ್ರತಿಯನ್ನು ಓದಿ, ಈ ಅಧ್ಯಾಯ ಬೇಡ, ಈ ವಾಕ್ಯ ನಿಲ್ಲುವುದಿಲ್ಲ ಎಂದು ಹೇಳುವ ಮನುಷ್ಯ. "ಕರಡು ತಿದ್ದುವುದು ಲೇಖಕರ ಜವಾಬ್ದಾರಿ" ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಶಾಲು ಅವರ ಜವಾಬ್ದಾರಿ, ಕನ್ನಡ ನಮ್ಮದು!

ನಮ್ಮ ಪುಸ್ತಕ ತಾಯಂದಿರ ಆರೋಗ್ಯದ ಬಗೆಗಿನದು. ಇಲ್ಲಿ ಯೂನಿಕೋಡಿನಲ್ಲಿ ಟೈಪು ಮಾಡಿ ಕಳಿಸುತ್ತೇವೆ. ಅಲ್ಲಿ ಪುಟ ಕಟ್ಟುವವರು ತಮ್ಮ ಹಳೆಯ ಫಾಂಟಿಗೆ ಅದನ್ನು ತಿರುಗಿಸುತ್ತಾರೆ. ತಿರುಗಿಸುವಾಗ ಅರ್ಕಾವತ್ತು ಒಂದು ಮನೆ ಆಚೆ ಹಾರುತ್ತದೆ, ಒತ್ತಕ್ಷರ ಬಿದ್ದುಹೋಗುತ್ತದೆ. ಅದು ಕಣ್ಣಿಗೆ ಕಾಣುವ ತೊಂದರೆ, ಹೇಗೋ ಸರಿಪಡಿಸಬಹುದು. ಬಸಿರಾಗಬಯಸುವವರು ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಬೇಕೆಂದು ನಾವು ಬರೆದಿದ್ದೆವು. ಮೈಕ್ರೋ ಎಂಬುದರ ಗ್ರೀಕ್ ಗುರುತು ಆ ಫಾಂಟಿನಲ್ಲಿ ಏನೋ ಆಗಿ ಮೂಡಿತು. ಅಕ್ಷರ ಜೋಡಿಸುವ ಹುಡುಗ ಪಾಪ, ಒಳ್ಳೆಯ ಮನಸ್ಸಿನಿಂದಲೇ, ಅದನ್ನು 'ಮಿ.ಗ್ರಾಂ' ಎಂದು ತಿದ್ದಿದ. ಒಂದಕ್ಕೆ ಸಾವಿರ! ಎರಡನೆಯ ಕರಡಿನಲ್ಲಿ ಅದು ಸಿಕ್ಕಿತು. ಸಿಕ್ಕಿದ್ದು ಯಾಕೆಂದರೆ, ನಾವು ಊರಿನ ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿಗೂ ತಾಲೂಕು ಆಸ್ಪತ್ರೆಯ ವೈದ್ಯ ಗೆಳೆಯರಿಗೂ ಸಂಭಾವನೆ ಕೊಟ್ಟು ಸಾಲು ಸಾಲು ಓದಿಸಿದ್ದೆವು. ಬಿಡುಗಡೆಯ ಸಭಾಂಗಣ, ಶಾಲುಗಳ ಖರ್ಚನ್ನು ಪಟ್ಟಿಯಿಂದ ಹೊಡೆದುಹಾಕಿ ಆ ಹಣವನ್ನು ಇದಕ್ಕೆ ಹಾಕಿದೆವು.

ಗೆಳೆಯರನ್ನು ಕೇಳಿಕೊಂಡದ್ದಕ್ಕೆ ಇನ್ನೊಂದು ಕಾರಣವೂ ಇದೆ. ಅಮೆರಿಕದಲ್ಲಿ ಮಕ್ಕಳ ಪ್ಯಾರಾಸಿಟಮಾಲ್ ದ್ರಾವಣ 2011ರಿಂದೀಚೆಗೆ ಕೂಸಿಗೂ ದೊಡ್ಡ ಮಗುವಿಗೂ ಒಂದೇ ಪ್ರಮಾಣದ್ದು, 5 ಮಿಲಿಲೀಟರಿಗೆ 160 ಮಿಲಿಗ್ರಾಂ. ಊರಿನ ಔಷಧಿ ಅಂಗಡಿಯಲ್ಲಿ ಹನಿ ಬೇರೆ, ಸಿರಪ್ಪು ಬೇರೆ. ಹನಿಯಲ್ಲಿ 1 ಮಿಲಿಲೀಟರಿಗೇ 100 ಮಿಲಿಗ್ರಾಂ ಇರುತ್ತದೆ. "ಒಂದು ಚಮಚ ಕೊಡಿ" ಎಂದು ಇಲ್ಲಿ ಕೂತು ಬರೆದರೆ ಅಲ್ಲಿ ಯಾವ ಬಾಟಲಿಯ ಚಮಚ? ಇಪ್ಪತ್ತೈದು ವರ್ಷ ಇಲ್ಲಿ ರೋಗಿ ನೋಡಿದವರಿಗೆ ಊರಿನ ಬಾಟಲಿಯ ಚೀಟಿ ಕಣ್ಣ ಮುಂದೆ ಇರುವುದಿಲ್ಲ. ಕವಿತೆ ಬರೆಯುವವರು ಇದು ನಮಗಲ್ಲ ಎಂದುಕೊಳ್ಳಬಹುದು. ಅವರ ಊರಿನ ನೆನಪುಗಳಲ್ಲಿಯೂ ಹೀಗೆ ಯಾವುದೋ ಬಾಟಲಿ ಬದಲಾಗಿರುತ್ತದೆ. ಅಲ್ಲಿಯೇ ಇರುವವರೊಬ್ಬರು ಓದಿದರೆ ಮಾತ್ರ ಗೊತ್ತಾಗುವುದು.

ಪುಕ್ಕಟೆ ಹಂಚುವುದಕ್ಕೂ ಕರಡು ತಿದ್ದುವುದಕ್ಕೂ ಏನು ಸಂಬಂಧ ಎನ್ನುವಿರೇನೋ. ಬಹಳ ಇದೆ. ಪುಕ್ಕಟೆ ಪಡೆದವರು ತಪ್ಪು ಎತ್ತಿ ತೋರಿಸುವುದಿಲ್ಲ. ಮೊದಲು ಓದುವುದಿಲ್ಲ, ಓದಿದರೂ ದಾಕ್ಷಿಣ್ಯ. "ಚೆನ್ನಾಗಿದೆ ಡಾಕ್ಟ್ರೇ" ಎಂದು ಮುಗಿಸುತ್ತಾರೆ. ದುಡ್ಡು ಕೊಟ್ಟವರಿಗೆ ದಾಕ್ಷಿಣ್ಯವಿಲ್ಲ. ಬೆಳಗಾವಿಯ ಕಡೆಯ ಅಜ್ಜಿಯೊಬ್ಬರು ಮೊಮ್ಮಗಳಿಗೆಂದು ನಮ್ಮ ಪುಸ್ತಕ ಕೊಂಡು, ಒಳಗಿದ್ದ ನಂಬರಿಗೆ ಫೋನು ಮಾಡಿದರು: "ಇನ್ನೂರು ರೂಪಾಯಿ ಕೊಟ್ಟೀನ್ರಿ, ಅಕ್ಷರ ಯಾಕ ಇಷ್ಟು ಸಣ್ಣಾವು? ಓದೋರು ನಾವೋ, ಇರುವೀನೋ?" ಹತ್ತು ಮುನ್ನುಡಿಗಿಂತ ಇದು ಮೇಲು. ಮುನ್ನುಡಿಗಳ ಗತಿ ನಿಮಗೆ ಗೊತ್ತೇ ಇದೆ; ವಿದೇಶದಲ್ಲಿದ್ದೂ ಕನ್ನಡ ಮರೆಯದ ಲೇಖಕರನ್ನು ಅಭಿನಂದಿಸಿ, ಪುಸ್ತಕದ ಒಳಗೆ ಹೆಜ್ಜೆಯಿಡದೆ ಮುಗಿಯುತ್ತವೆ.

"ಹಂಚಿದರೆ ತಾನೆ ಕನ್ನಡ ಉಳಿಯುವುದು" ಎನ್ನುವ ಮಹನೀಯರಿಗೆ ಒಂದು ಮಾತು. ಊರಿನಿಂದ ಸಿನಿಮಾ ಗಾಯಕರು ಬಂದಾಗ ಇದೇ ಸಭಾಂಗಣದ ಬಾಗಿಲಲ್ಲಿ ನಾವೆಲ್ಲ ಸಾಲಿನಲ್ಲಿ ನಿಂತು ಟಿಕೆಟು ಕೊಳ್ಳುತ್ತೇವೆ. ಹಾಡು ಉಳಿಯಲಿ ಎಂದು ಯಾರೂ ಪುಕ್ಕಟೆ ಒಳಗೆ ಬಿಡಲಿಲ್ಲ. ಎರಡು ಕಾಫಿಯ ಬೆಲೆಗೆ ಬರುವ ಪುಸ್ತಕಕ್ಕೆ ಮಾತ್ರ ಏಕೆ ಈ ಉದಾರತೆ? ಇನ್ನು ಪುಕ್ಕಟೆ ಕೊಡಲೇಬೇಕಾದ ಪ್ರತಿಗಳೂ ಇವೆ. ಭಾರತದಲ್ಲಿ ಪ್ರಕಟವಾದ ಪುಸ್ತಕದ ಒಂದು ಪ್ರತಿಯನ್ನು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಪ್ರಕಾಶಕರೇ ತಲುಪಿಸಬೇಕೆಂದು 1954ರ ಕಾಯಿದೆ ಹೇಳುತ್ತದೆ. ಲೇಖಕರೇ ಪ್ರಕಾಶಕರಾದಾಗ ಇದು ಲೇಖಕರ ಕೆಲಸ. ಊಟದ ಮೇಜಿಗೆ ಇನ್ನೂರು ಪ್ರತಿ ಕಳಿಸುವವರು ಕಲ್ಕತ್ತೆಗೆ ಒಂದು ಕಳಿಸಿದ್ದಾರೆಯೇ? ವಿಚಾರಿಸಿ ನೋಡಿ.

ಕಾರ್ಯಕಾರಿ ಸಮಿತಿಯಲ್ಲಿ ನಮ್ಮ ಬೇಡಿಕೆ ಇಷ್ಟು. ಕೂಟದ ವೇದಿಕೆಯ ಮೇಲೆ ಪುಸ್ತಕ ಬಿಡುಗಡೆಯಾಗಬೇಕಾದರೆ ನಮ್ಮಲ್ಲಿ ಇಬ್ಬರಾದರೂ ಅದನ್ನು ಮೊದಲೇ ಪೂರ್ತಿ ಓದಿರಲಿ, ಅವರಲ್ಲೊಬ್ಬರು ಹತ್ತು ನಿಮಿಷ ಮಾತನಾಡಲಿ, ಒಪ್ಪದ್ದನ್ನು ಒಪ್ಪಲಿಲ್ಲವೆಂದೇ ಹೇಳಲಿ. ಕೂಟದ ಪುಸ್ತಕದ ಕಪಾಟಿಗೆ ಎರಡು ಪ್ರತಿಯನ್ನು ಖಜಾಂಚಿಯವರು ದುಡ್ಡು ಕೊಟ್ಟು ಕೊಳ್ಳಲಿ. 'ಉಚಿತ ಪ್ರತಿ' ಎಂಬ ಸಾಲನ್ನು ಸಂಪಾದಕರು ಇನ್ನು ಮುಂದೆ ಅಚ್ಚು ಹಾಕದಿರಲಿ. ದೀಪಾವಳಿಗೆ ಮತ್ತಿಬ್ಬರ ಮೊದಲ ಪುಸ್ತಕ ಬರುತ್ತಿದೆಯೆಂದು ಕೇಳಿದ್ದೇವೆ. ಊಟದ ಮೇಜಿನಿಂದ ದೂರಕ್ಕೆ, ಬಾಗಿಲ ಬಳಿ ಹಾಕಲು ಒಂದು ಮೇಜನ್ನೂ ಚಿಲ್ಲರೆ ಡಬ್ಬಿಯನ್ನೂ ನಾವೇ ತರುತ್ತೇವೆ. ಬೆಲೆಯ ಚೀಟಿಯನ್ನು ಲೇಖಕರು ಮನೆಯಲ್ಲೇ ಅಂಟಿಸಿಕೊಂಡು ಬರಲಿ.