ಹಂಚಬೇಡಿ, ಹತ್ತು ರೂಪಾಯಿಗೆ ಮಾರಿ

ಕೆಲಸದ ನಿಮಿತ್ತ ಕರಾವಳಿ ಬಿಟ್ಟು ಮಡಕಶಿರಾಕ್ಕೆ ಬಂದು ಮೂರು ವರ್ಷವಾಯಿತು. ಆಂಧ್ರದ ಊರಾದರೂ ಮೂರು ಕಡೆ ಕರ್ನಾಟಕವೇ ಸುತ್ತಿಕೊಂಡಿದೆ. ರೊಳ್ಳ, ಅಗಳಿ, ಅಮರಾಪುರದ ಕಡೆಯಿಂದ ಸಂತೆಗೆ ಬರುವವರಲ್ಲಿ ಹೆಚ್ಚಿನವರು ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ. ಸಂತೆಯ ಒಂದು ಮೂಲೆಯಲ್ಲಿ ಟಾರ್ಪಾಲು ಹಾಸಿ ಹಳೆ ಬಟ್ಟೆ ರಾಶಿ ಹಾಕುವವನೊಬ್ಬನಿದ್ದಾನೆ. ನಾನು ಬಂದ ಹೊಸದರಲ್ಲಿ ಅವನ ಸುತ್ತ ನಾಲ್ಕೈದು ಜನ ಇರುತ್ತಿದ್ದರು. ಈಗ ತರಕಾರಿಯವರ ಮುಂದೆ ಇರುವಷ್ಟೇ ಜನ ಅಲ್ಲೂ ಇರುತ್ತಾರೆ.

ಕಾರಣ ಕೇಳಬೇಕಾಗಿಲ್ಲ. ಇದು ಕಡಲೆಕಾಯಿ ಬೆಳೆಯುವ ಸೀಮೆ. ಇಲ್ಲಿಯವರೂ ಅಡುಗೆಗೆ ಪಾಮ್ ಎಣ್ಣೆಯ ಪ್ಯಾಕೆಟ್ ಕೊಳ್ಳುತ್ತಾರೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಖಾದ್ಯ ತೈಲದ ಆಮದು ಸುಂಕ ಏರಿಸಿದಾಗ ಆ ಪ್ಯಾಕೆಟ್ಟಿನ ಬೆಲೆಯೂ ಏರಿತು. ಮನೆಯಲ್ಲಿ ಎಣ್ಣೆ, ಬೇಳೆ, ಗ್ಯಾಸ್ ಬಿಡಲಾಗುವುದಿಲ್ಲ. ಮುಂದೂಡಬಹುದಾದದ್ದು ಬಟ್ಟೆ ಒಂದೇ. ಆದರೆ ಮಕ್ಕಳು ಬೆಳೆಯುವುದನ್ನು ಮುಂದೂಡಲಾಗುವುದಿಲ್ಲವಲ್ಲ!

ಮೊನ್ನೆ ರತ್ನಗಿರಿ ಕಡೆಯ ಒಬ್ಬ ತಾಯಿ ಮಗನಿಗೆ ಅಂಗಿ ಆರಿಸುವುದನ್ನು ನೋಡುತ್ತಾ ನಿಂತೆ. ಮೊದಲು ಅಂಗಿಯನ್ನು ಬಿಸಿಲಿಗೆ ಹಿಡಿದರು. ಕಾಲರ್ ಒಳಗೆ, ಕಂಕುಳ ಹೊಲಿಗೆಯಲ್ಲಿ ಬೆರಳಾಡಿಸಿದರು. ಹುಡುಗನ ಬೆನ್ನಿಗಿಟ್ಟು ಅಳೆದರು. ಅರವತ್ತು ಅಂದ ವ್ಯಾಪಾರಿಗೆ "ಇಪ್ಪತ್ತೈದಕ್ಕೆ ಕೊಡಪ್ಪಾ" ಅಂದರು. ಆಗಲ್ಲ ಅಂದಾಗ ಅಂಗಿಯನ್ನು ರಾಶಿಗೆ ಎಸೆದು ಎರಡು ಹೆಜ್ಜೆ ಹೋದರು. ಅವನು ಕೂಗಿ ಕರೆದ. ಮೂವತ್ತೈದಕ್ಕೆ ಮುಗಿಯಿತು. ಹುಡುಗನ ಮುಖದಲ್ಲಿ ನಗು, ತಾಯಿಯ ಮುಖದಲ್ಲಿ ಗೆದ್ದ ಕಳೆ.

ಆಗ ನನಗೆ ನೆನಪಾದದ್ದು ನನ್ನ ಉಮ್ಮ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಪೆರ್ನಾಲಿಗೆ ಮೊದಲು ಊರಿನ ಒಂದು ಸಭಾಂಗಣದಲ್ಲಿ ಬಟ್ಟೆ ಹಂಚಿದ್ದರು. ಯಾರು ಹಂಚಿದ್ದು ಎನ್ನುವುದು ಇಲ್ಲಿ ಮುಖ್ಯವಲ್ಲ. ಸಾಲಿನಲ್ಲಿ ನಿಂತು, ಹೆಸರು ಕೂಗಿದಾಗ ವೇದಿಕೆ ಹತ್ತಿ, ಫೋಟೋಕ್ಕೆ ಕೈ ಚಾಚಿ ಕಟ್ಟು ತೆಗೆದುಕೊಳ್ಳಬೇಕು. ಮನೆಗೆ ಬಂದು ಬಿಚ್ಚಿದರೆ ನನ್ನ ಅಂಗಿಯೊಳಗೆ ನನ್ನಂಥ ಇಬ್ಬರು ಹಿಡಿಯುತ್ತಿದ್ದರು. ಉಮ್ಮ ಅದನ್ನು ಬದಲಿಸಿ ಕೊಡಿ ಅಂತ ಕೇಳಲು ಹೋಗಲಿಲ್ಲ. ಪುಕ್ಕಟೆ ಬಂದದ್ದಕ್ಕೆ ಬಾಯಿ ಇರುವುದಿಲ್ಲ. ತೋಳು ಮಡಚಿ ಮಡಚಿ ಅದನ್ನು ಎರಡು ಪೆರ್ನಾಲಿಗೆ ಹಾಕಿದೆ.

ಹಂಚಿದವರು ಕೆಟ್ಟವರಲ್ಲ. ಈಗಲೂ ನಮ್ಮಲ್ಲಿ ಒಳ್ಳೆಯ ಮನಸ್ಸಿನಿಂದಲೇ ಹಂಚುತ್ತಾರೆ. ನನ್ನ ತಕರಾರು ಹಂಚುವ ರೀತಿಯ ಬಗ್ಗೆ. ಊರಿಗೊಂದು ಚಿಕ್ಕ ಅಂಗಡಿ ಇಡಿ. ಹಳೆ ಬಟ್ಟೆಯನ್ನು ಒಗೆದು, ಗುಂಡಿ ಹಾಕಿ, ಇಸ್ತ್ರಿ ಮಾಡಿ ಹತ್ತು ರೂಪಾಯಿಗೆ, ಇಪ್ಪತ್ತು ರೂಪಾಯಿಗೆ ಮಾರಿ. ಹತ್ತು ರೂಪಾಯಿ ಕೊಟ್ಟವರು ಗಿರಾಕಿ. ಅವರು ಬೇಡ ಅನ್ನಬಹುದು, ಬಣ್ಣ ಸರಿಯಿಲ್ಲ ಅನ್ನಬಹುದು, ನಾಳೆ ತಂದು ಬದಲಿಸಿ ಎಂದು ಜಗಳವನ್ನೂ ಮಾಡಬಹುದು.

ಕೊಡುವವರಿಗೂ ಇದರಿಂದ ಶಿಸ್ತು ಬರುತ್ತದೆ. ಹಂಚುವ ಚೀಲದಲ್ಲಿ ಜಿಪ್ ಕಿತ್ತ ಪ್ಯಾಂಟೂ ಹೋಗುತ್ತದೆ, ಕಲೆ ಬಿದ್ದ ನೈಟಿಯೂ ಹೋಗುತ್ತದೆ. ಅಂಗಡಿಯಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ದೇಶವೆಲ್ಲ ಕಳಿಸಿದ ಹಳೆ ಬಟ್ಟೆ ಬೀದಿಯಲ್ಲಿ ರಾಶಿ ಬಿದ್ದಿತ್ತು. ಅನ್ಶು ಗುಪ್ತಾ ಅವರ ಗೂಂಜ್ ಸಂಸ್ಥೆ ಅದನ್ನು ಆರಿಸಿ, ವಿಂಗಡಿಸಿ ಬಳಕೆಗೆ ತಂದಿತು. 1999ರಲ್ಲಿ ಶುರುವಾದ ಗೂಂಜ್ ಹಳ್ಳಿಗಳಲ್ಲಿ ಬಟ್ಟೆಯನ್ನು ಸುಮ್ಮನೆ ಹಂಚುವುದಿಲ್ಲ. ಊರಿನವರು ಕೆರೆ, ಬಾವಿ, ರಸ್ತೆಯ ಕೆಲಸ ಮಾಡಿ ಅದಕ್ಕೆ ಪ್ರತಿಯಾಗಿ ಬಟ್ಟೆ ಪಡೆಯುತ್ತಾರೆ. ಅಲ್ಲಿ ಬೆವರು ಬೆಲೆಯಾದರೆ ನಾನು ಹೇಳುವುದರಲ್ಲಿ ಹತ್ತು ರೂಪಾಯಿ ಬೆಲೆ. ಎರಡರ ಹಿಂದಿನ ಯೋಚನೆ ಒಂದೇ.

ಇಂಗ್ಲೆಂಡಿನಲ್ಲಿ ಇಂಥ ಅಂಗಡಿ ಹಳೆಯ ಸಂಗತಿ. ಗ್ರೀಸಿನ ಹಸಿದವರಿಗಾಗಿ 1942ರಲ್ಲಿ ಹುಟ್ಟಿದ ಆಕ್ಸ್‌ಫ್ಯಾಮ್, ಆ ದಶಕದ ಕೊನೆಯಲ್ಲೇ ಆಕ್ಸ್‌ಫರ್ಡಿನ ಬ್ರಾಡ್ ಸ್ಟ್ರೀಟಿನಲ್ಲಿ ಅಂಗಡಿ ತೆರೆಯಿತು. ಅಲ್ಲಿರುವ ನನ್ನ ಬಾವ ಮಾತ್ರ ಇದನ್ನು ಕೇಳಿ ನಕ್ಕರು. 2022ರ ಅಕ್ಟೋಬರಿನಲ್ಲಿ ಅಲ್ಲಿನ ಹಣದುಬ್ಬರ ಶೇಕಡಾ 11 ದಾಟಿದ ಮೇಲೆ ಅವರ ಆಫೀಸಿನವರೂ ಚಾರಿಟಿ ಅಂಗಡಿಗೆ ಹೊಕ್ಕಿದ್ದಾರಂತೆ. ಒಳ್ಳೆಯ ಕೋಟು ಬೆಳಿಗ್ಗೆಯೇ ಖಾಲಿ. ಕೆಲವರು ಕೊಂಡು ಆನ್‌ಲೈನಿನಲ್ಲಿ ಹೆಚ್ಚಿನ ಬೆಲೆಗೆ ಮಾರುತ್ತಾರೆ, ಅದನ್ನು ಕಂಡು ಅಂಗಡಿಯವರೂ ಬೆಲೆ ಏರಿಸುತ್ತಾರೆ. "ಕೊನೆಗೆ ಬಡವನಿಗೆ ಉಳಿಯುವುದು ನೂಲು ಕಿತ್ತ ಸ್ವೆಟರ್" ಎಂದರು.

ಈ ಮಾತನ್ನು ತಳ್ಳಿಹಾಕಲಾರೆ. ಇಲ್ಲಿನ ಸಂತೆಯಲ್ಲೂ ಅದರ ನೆರಳಿದೆ. ಇದೇ ಸೀಮೆಯ ರಾಯದುರ್ಗದಲ್ಲಿ ಹೊಸ ಜೀನ್ಸ್ ಹೊಲಿಯುತ್ತಾರೆ, ಆದರೂ ಕಾಲೇಜು ಹುಡುಗರಿಗೆ ಮಾಸಿದ ಹಳೆ ಜೀನ್ಸೇ ಬೇಕು. ಎಪ್ಪತ್ತಕ್ಕೆ ಸಿಗುತ್ತಿದ್ದ ಪ್ಯಾಂಟಿಗೆ ಟಾರ್ಪಾಲಿನವನು ಈಗ ನೂರೈವತ್ತು ಹೇಳುತ್ತಾನೆ. ಕೂಲಿಗೆ ಹೋಗುವವರಿಗೆ ಗಟ್ಟಿ ಪ್ಯಾಂಟು ಬೇಕಾಗಿತ್ತು, ಅದು ಫ್ಯಾಷನ್ನಿಗೆ ಹೋಯಿತು. ಆದರೂ ಉಳ್ಳವರನ್ನು ಬಾಗಿಲಲ್ಲೇ ತಡೆಯುವುದು ನನಗೆ ಒಪ್ಪಿಗೆಯಿಲ್ಲ. ಬಡವರು ಮಾತ್ರ ಬರಬಹುದಾದ ಅಂಗಡಿ ಅಂದರೆ ಮತ್ತೆ ಆ ಸಭಾಂಗಣದ ವೇದಿಕೆಯೇ. ಮಕ್ಕಳ ಬಟ್ಟೆ, ಶಾಲೆಯ ಸಮವಸ್ತ್ರ, ಕೆಲಸದ ಪ್ಯಾಂಟು ಇವಕ್ಕೆ ಹತ್ತು ರೂಪಾಯಿಯ ಬೆಲೆ ಗಟ್ಟಿ ಮಾಡಿ, ಒಬ್ಬರಿಗೆ ಎರಡೇ ಎನ್ನಿ. ಜರಿಯ ಸೀರೆ, ಗಲ್ಫಿನಿಂದ ಬಂದು ಪೆಟ್ಟಿಗೆಯಲ್ಲೇ ಉಳಿದ ಅಬಾಯ, ಬ್ರ್ಯಾಂಡಿನ ಶರ್ಟು ಇವನ್ನು ಬೇಕಾದಷ್ಟು ಬೆಲೆಗೆ ಮಾರಿ. ಆ ಹಣದಲ್ಲಿ ಟೈಲರಿನ ಕೂಲಿ, ಅಂಗಡಿ ಬಾಡಿಗೆ ಹೋಗಲಿ. ಹತ್ತು ರೂಪಾಯಿಯೂ ಇಲ್ಲದವರು ಇದ್ದೇ ಇರುತ್ತಾರೆ. ಗಲ್ಲಾದಲ್ಲಿ ಕೂತವರಿಗೆ ಅದು ಗೊತ್ತಾಗುತ್ತದೆ, ಫೋಟೋ ಬೇಡ.

ಮದುವೆ ಬಟ್ಟೆಯ ವಿಷಯ ಬೇರೆ. ಕೇರಳದ ತೂತ ಎಂಬ ಊರಿನಲ್ಲಿ 2020ರಿಂದ ಮದುಮಗಳ ಬಟ್ಟೆಯ ಬ್ಯಾಂಕ್ ನಡೆಯುತ್ತಿದೆ, ಅದಕ್ಕೆ ಹಣವಿಲ್ಲ. ಅಲ್ಲಿಯೂ ಹುಡುಗಿ ತಾನೇ ಆರಿಸುತ್ತಾಳೆ ಎಂಬುದು ನನಗೆ ಹಿಡಿಸಿತು.

ದಾನ ಬಂದದ್ದಕ್ಕೆ ಬೆಲೆ ಕಟ್ಟುವುದೇ ಎಂದು ಹಿರಿಯರು ಕೇಳಬಹುದು. ಜಕಾತಿನ ಹಣದ ಬಗ್ಗೆ ಮಾತಾಡುವ ಯೋಗ್ಯತೆ ನನಗಿಲ್ಲ, ಅದನ್ನು ಉಸ್ತಾದರಲ್ಲಿ ಕೇಳಿ. ನಾನು ಹೇಳುತ್ತಿರುವುದು ನಮ್ಮ ಕಪಾಟಿನಲ್ಲಿ ಜಾಗ ಸಾಲದೆ ಹೊರಗೆ ಹಾಕುವ ಬಟ್ಟೆಯ ಬಗ್ಗೆ. ಅದನ್ನು ಕೊಟ್ಟು ದೊಡ್ಡ ದಾನಿಗಳಾದೆವು ಅಂದುಕೊಳ್ಳುವುದೂ ಸ್ವಲ್ಪ ಹೆಚ್ಚೇ.

ಇದನ್ನೆಲ್ಲ ಫೋನಿನಲ್ಲಿ ಉಮ್ಮನಿಗೆ ಹೇಳಿದೆ. ಆ ದೊಡ್ಡ ಅಂಗಿ ಅವರಿಗೆ ನೆನಪಿರಲಿಲ್ಲ, ಅಥವಾ ಇಲ್ಲ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಂಗಡಿ ಇಡುವುದಾದರೆ ಒಳಗೆ ಒಂದು ಆಳೆತ್ತರದ ಕನ್ನಡಿ ಇಡಲು ಹೇಳು ಎಂದರು.